ಸ್ಪೈಡರ್‌ಮ್ಯಾನ್ ಪೂರ್ತಿಯಾಗಿ ಮಾರ್ವೆಲ್ ಮನೆಗೆ ವಾಪಸ್ ಬರಬೇಕಾ? ಬರುತ್ತಾನಾ?

ಜೇಡರಬಲೆ:
ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತು ಇದು. ಸ್ಪೈಡರ್‌ಮ್ಯಾನ್ ಹುಟ್ಟಿದ್ದು ಮಾರ್ವೆಲ್ ಕಾಮಿಕ್ಸ್‌ನಲ್ಲಿ. ಆದರೆ ಅವನ ಸಿನಿಮಾ ಹಕ್ಕು ಇರುವುದು ಸೋನಿ ಕೈಯಲ್ಲಿ. 2015ರಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡರು. ಮರುವರ್ಷ ಟಾಮ್ ಹಾಲೆಂಡ್ ಸ್ಪೈಡರ್‌ಮ್ಯಾನ್ ಆಗಿ ಮಾರ್ವೆಲ್‌ನ ಸೂಪರ್‌ಹೀರೋ ತಂಡ ಅವೆಂಜರ್ಸ್ ಜೊತೆ ಕಾಣಿಸಿಕೊಂಡ. ಸಂತೋಷ. ಆದರೂ ಅದು ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆ ಇದ್ದ ಹಾಗೆ. ಯಾವಾಗ ವಾಪಸ್ ಕೇಳುತ್ತಾರೋ ಅನ್ನುವ ಭಯ ಇದ್ದೇ ಇರುತ್ತದೆ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 2019ರ ಆಗಸ್ಟ್ ನೆನಪಿದೆಯಾ? 'ಫಾರ್ ಫ್ರಮ್ ಹೋಮ್' ಬಂದು ಎರಡು ತಿಂಗಳೂ ಆಗಿರಲಿಲ್ಲ. ಪೀಟರ್‌ನ ಗುಟ್ಟು, ಅವನೇ ಸ್ಪೈಡರ್‌ಮ್ಯಾನ್ ಅನ್ನುವುದು, ಊರಿಗೆಲ್ಲ ರಟ್ಟಾದಲ್ಲಿಗೆ ಕಥೆ ನಿಂತಿತ್ತು. ಅಷ್ಟರಲ್ಲಿ ಮಾರ್ವೆಲ್‌ನ ಒಡೆಯ ಡಿಸ್ನಿ ಮತ್ತು ಸೋನಿ ಮಾತುಕತೆ ಮುರಿದುಬಿತ್ತು. ನಾನು ಆವತ್ತು ರಾತ್ರಿ ಎರಡು ಗಂಟೆಯವರೆಗೂ ಫೋನ್ ಹಿಡಿದುಕೊಂಡು ಸುದ್ದಿ ಓದುತ್ತಾ ಕೂತಿದ್ದೆ. ಕೊನೆಗೆ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಕೈ ಕುಲುಕಿದರು. ಡಿಸ್ನಿ ಕಾಲು ಭಾಗ ಬಂಡವಾಳ ಹಾಕುವುದು, ಕಾಲು ಭಾಗ ಲಾಭ ತೆಗೆದುಕೊಳ್ಳುವುದು ಅಂತ ತೀರ್ಮಾನವಾಯಿತು.

ಇತ್ತ ಸೋನಿ ತಾನಾಗಿಯೇ ಮಾಡಿದ ಸಿನಿಮಾಗಳನ್ನು ನೋಡಿ. 2022ರಲ್ಲಿ 'ಮಾರ್ಬಿಯಸ್'. 2024ರಲ್ಲಿ 'ಮೇಡಮ್ ವೆಬ್', ಅದೇ ವರ್ಷದ ಕೊನೆಗೆ 'ಕ್ರೇವನ್'. ಸ್ಪೈಡರ್‌ಮ್ಯಾನ್ ಕಥೆಯ ಪಾತ್ರಗಳೆಲ್ಲ ಇವೆ, ಸ್ಪೈಡರ್‌ಮ್ಯಾನ್ ಮಾತ್ರ ಇಲ್ಲ. ಕ್ರೇವನ್‌ಗೆ ಸುಮಾರು 11 ಕೋಟಿ ಡಾಲರ್ ಖರ್ಚು ಮಾಡಿದ್ದರು. ಇಡೀ ಪ್ರಪಂಚದಲ್ಲಿ ಬಂದದ್ದು ಆರು ಕೋಟಿ ಚಿಲ್ಲರೆ. ಇಷ್ಟಾದ ಮೇಲೂ ಹಕ್ಕು ಹಿಡಿದುಕೊಂಡು ಏನು ಸಾಧಿಸುತ್ತಾರೆ?

ಬೇರೆ ಕಂಪನಿಗಳ ಕೈಯಲ್ಲಿದ್ದ ಮಾರ್ವೆಲ್ ಪಾತ್ರಗಳನ್ನು ನೋಡಿ. ಡೇರ್‌ಡೆವಿಲ್ ವಾಪಸ್ ಬಂದ. ಘೋಸ್ಟ್ ರೈಡರ್ ಬಂದ. ಬ್ಲೇಡ್ ಬಂದ. ಪನಿಶರ್ ಬಂದ. ಸ್ಪೈಡಿ ಯಾವಾಗ?

ವಕೀಲಮ್ಮ:
ಜೇಡರಬಲೆಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಡೇರ್‌ಡೆವಿಲ್ ಬಂದದ್ದಕ್ಕೂ ಸ್ಪೈಡರ್‌ಮ್ಯಾನ್ ಬರದೆ ಇರುವುದಕ್ಕೂ ಕಾರಣ ಒಂದೇ. ಅದು ಕರಾರಿನಲ್ಲಿರುವ ಒಂದು ಷರತ್ತು. ನನ್ನ ದಿನನಿತ್ಯದ ಕೆಲಸವೇ ಕರಾರು ಓದುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಥ ಹಕ್ಕುಗಳನ್ನು ಸಾಮಾನ್ಯವಾಗಿ ಶುದ್ಧ ಕ್ರಯಕ್ಕೆ ಕೊಡುವುದಿಲ್ಲ. ಹೊಲವನ್ನು ಗುತ್ತಿಗೆಗೆ ಕೊಟ್ಟ ಹಾಗೆ ಕೊಡುತ್ತಾರೆ. ಉಳುತ್ತಾ ಇರುವಷ್ಟು ದಿನ ಹೊಲ ಗುತ್ತಿಗೆದಾರನ ಕೈಯಲ್ಲೇ. ಬೀಳು ಬಿಟ್ಟರೆ ಮಾಲೀಕನಿಗೆ ವಾಪಸ್. 2014ರ ಕೊನೆಯಲ್ಲಿ ಸೋನಿಯ ಕಂಪ್ಯೂಟರ್‌ಗಳಿಗೆ ಕನ್ನ ಬಿತ್ತಲ್ಲ, ಆಗ ಅವರ ಕಾಗದಪತ್ರ ಹೊರಗೆ ಬಂದವು. ಅವುಗಳಲ್ಲಿ ಸ್ಪೈಡರ್‌ಮ್ಯಾನ್ ಕರಾರೂ ಇತ್ತು. ಹಿಂದಿನ ಸಿನಿಮಾ ಬಿಡುಗಡೆಯಾದ 3 ವರ್ಷ 9 ತಿಂಗಳೊಳಗೆ ಮುಂದಿನದರ ಚಿತ್ರೀಕರಣ ಶುರುವಾಗಬೇಕು. 5 ವರ್ಷ 9 ತಿಂಗಳೊಳಗೆ ಅದು ತೆರೆಗೆ ಬರಬೇಕು. ಇಷ್ಟು ಪಾಲಿಸಿದರೆ ಹಕ್ಕು ಸೋನಿಯ ಬಳಿಯೇ ಇರುತ್ತದೆ.

ಫಾಕ್ಸ್ ಸ್ಟುಡಿಯೋದವರು ಡೇರ್‌ಡೆವಿಲ್ ಹೊಲವನ್ನು ಬೀಳು ಬಿಟ್ಟರು. 2003ರಲ್ಲಿ ಒಂದು ಸಿನಿಮಾ ಬಂತು, ಮುಂದಿನದು ಕೊನೆಗೂ ಕೂಡಿ ಬರಲಿಲ್ಲ, 2012ರಲ್ಲಿ ಗಡುವು ಮುಗಿಯಿತು. ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಹಾಗಾಗುವುದು ಹೇಗೆ? 'ನೋ ವೇ ಹೋಮ್' 2021ರ ಡಿಸೆಂಬರ್‌ನಲ್ಲಿ ಬಂತು. ಆ ಲೆಕ್ಕದಲ್ಲಿ 2027ರ ಸೆಪ್ಟೆಂಬರ್‌ವರೆಗೆ ಸಮಯ ಇದೆ. ಅದು ಗಳಿಸಿದ್ದು ಸುಮಾರು 190 ಕೋಟಿ ಡಾಲರ್. ಅಂಥ ಫಸಲು ಕೊಡುವ ಹೊಲವನ್ನು ಯಾರು ಬೀಳು ಬಿಡುತ್ತಾರೆ?

ತುಂಗಾತೀರ:
ವಕೀಲಮ್ಮನವರು ಹೊಲದ ಮಾತು ತೆಗೆದರು, ನಾನು ಸಾಗರದ ಕಡೆಯವನು, ಗೇಣಿದಾರರ ಹೋರಾಟ ನಡೆದ ಕಾಗೋಡು ಹತ್ತಿರವೇ. ನಮ್ಮಲ್ಲಿ ಗಾದೆಯಂತೆ ಬೆಳೆದ ಮಾತು ಒಂದಿದೆ. ಉಳುವವನೇ ಹೊಲದೊಡೆಯ. ಸ್ಪೈಡರ್‌ಮ್ಯಾನ್ ಹೊಲವನ್ನು ಉತ್ತದ್ದು ಸೋನಿ.

1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತ್ತು. ಕಾಮಿಕ್ಸ್ ಮಾರುಕಟ್ಟೆ ಕುಸಿದುಬಿದ್ದಿತ್ತು. ಅದಾಗಿ ಎರಡು ವರ್ಷಕ್ಕೆ ಅವರು ಸೋನಿಯ ಮುಂದೆ ಇಟ್ಟ ಮಾತು ಏನು ಗೊತ್ತಾ? ತಮ್ಮ ಕೈಯಲ್ಲಿ ಉಳಿದಿದ್ದ ಬಹುತೇಕ ಪಾತ್ರಗಳ ಸಿನಿಮಾ ಹಕ್ಕನ್ನು ಎರಡೂವರೆ ಕೋಟಿ ಡಾಲರ್‌ಗೆ ತೆಗೆದುಕೊಳ್ಳಿ ಅಂತ. ಐರನ್ ಮ್ಯಾನ್, ಥಾರ್, ಬ್ಲ್ಯಾಕ್ ಪ್ಯಾಂಥರ್ ಎಲ್ಲ ಸೇರಿ ಅಂತ ವರದಿಯಾಗಿದೆ. ಸೋನಿ ಬೇಡ ಅಂದಿತು. ನಮಗೆ ಸ್ಪೈಡರ್‌ಮ್ಯಾನ್ ಒಬ್ಬನೇ ಸಾಕು ಅಂತ ಸುಮಾರು ಒಂದು ಕೋಟಿ ಡಾಲರ್ ಮುಂಗಡ ಕೊಟ್ಟಿತು, ಜೊತೆಗೆ ಗಳಿಕೆಯಲ್ಲಿ ಪಾಲು.

ಅದಕ್ಕೂ ಮುಂಚೆ ಹದಿಮೂರು ಹದಿನಾಲ್ಕು ವರ್ಷ ಆ ಹಕ್ಕು ಬೀದಿ ಬೀದಿ ಅಲೆದಿತ್ತು. 1985ರಲ್ಲಿ ಕ್ಯಾನನ್ ಅನ್ನುವ ಕಂಪನಿ 2.25 ಲಕ್ಷ ಡಾಲರ್‌ಗೆ ಕೊಂಡಿತ್ತು. ಸಿನಿಮಾ ಆಗಲಿಲ್ಲ. ಆಮೇಲೆ ಕರೋಲ್ಕೊ ಕೈಗೆ ಹೋಯಿತು. ಜೇಮ್ಸ್ ಕ್ಯಾಮರಾನ್ ಕಥೆಯ ಕರಡನ್ನೂ ಬರೆದರು. ಅದೂ ಆಗಲಿಲ್ಲ, ಕಂಪನಿಯೇ ಮುಳುಗಿತು. ಎಲ್ಲ ಕೋರ್ಟು ಕಚೇರಿ ಮುಗಿಸಿ, 2002ರಲ್ಲಿ ಸಿನಿಮಾ ಮಾಡಿ ತೋರಿಸಿದ್ದು ಸೋನಿ. ಸ್ಯಾಮ್ ರೈಮಿಯಂಥ ನಿರ್ದೇಶಕನನ್ನು ನಂಬಿದ್ದು ಸೋನಿ.

ಆಗ ನಾನು ಪಿಯುಸಿ. ಶಿವಮೊಗ್ಗದಲ್ಲಿ ನೋಡಿದೆ. ತಲೆಕೆಳಗಾಗಿ ನೇತಾಡುತ್ತಾ ಮಳೆಯಲ್ಲಿ ಮುತ್ತು ಕೊಡುವ ದೃಶ್ಯ ಬಂದಾಗ ಥಿಯೇಟರ್‌ನಲ್ಲಿ ಒಂದು ಕ್ಷಣ ಸದ್ದೇ ಇರಲಿಲ್ಲ, ಆಮೇಲೆ ಶಿಳ್ಳೆಯೋ ಶಿಳ್ಳೆ. ಆ ಸಿನಿಮಾ ಗೆದ್ದಿರದಿದ್ದರೆ ಸೂಪರ್‌ಹೀರೋ ಸಿನಿಮಾಕ್ಕೆ ದುಡ್ಡು ಹಾಕುವ ಧೈರ್ಯ ಯಾರಿಗೆ ಬರುತ್ತಿತ್ತು? ಕಷ್ಟಕಾಲದಲ್ಲಿ ಒಪ್ಪಿ ಕೊಟ್ಟದ್ದನ್ನು ಒಳ್ಳೆಯ ಕಾಲ ಬಂದ ಮೇಲೆ ವಾಪಸ್ ಕೊಡು ಅನ್ನುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಇನ್ನೊಂದು. 2023ರ ಜೂನ್‌ನಲ್ಲಿ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಅನ್ನುವ ಅನಿಮೇಷನ್ ಸಿನಿಮಾ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು. ಅದರಲ್ಲಿ ಕನ್ನಡವೂ ಇತ್ತು. ಪವಿತ್ರ್ ಪ್ರಭಾಕರ್ ಅನ್ನುವ ನಮ್ಮ ದೇಶದ ಹುಡುಗ ಸ್ಪೈಡರ್‌ಮ್ಯಾನ್ ಆಗಿ ಕನ್ನಡ ಮಾತಾಡಿದ. ನನ್ನ ಅಕ್ಕನ ಮಗ ಆ ಸಿನಿಮಾ ನೋಡಿ ಬಂದು ಒಂದು ವಾರ ಯೋ-ಯೋ ಕೈಯಿಂದ ಬಿಡಲಿಲ್ಲ. ಅದನ್ನು ಮಾಡಿದ್ದೂ ಸೋನಿಯೇ.

ಹಸಿರುದೈತ್ಯ:
ಎಲ್ಲರೂ ಸ್ಪೈಡರ್‌ಮ್ಯಾನ್ ಬಗ್ಗೆ ಅಳುತ್ತಾರೆ. ನಮ್ಮ ಹಲ್ಕ್ ಬಗ್ಗೆ ಯಾರೂ ಕೇಳುವುದಿಲ್ಲ. 2008ರ ನಂತರ ಅವನ ಹೆಸರಿನಲ್ಲಿ ಒಂದೇ ಒಂದು ಸಿನಿಮಾ ಬಂದಿಲ್ಲ. ಮಾರ್ಕ್ ರಫಲೋ 2012ರಿಂದ ಆ ಪಾತ್ರ ಮಾಡುತ್ತಿದ್ದಾರೆ, ಎಲ್ಲ ಬೇರೆಯವರ ಸಿನಿಮಾದಲ್ಲೇ.

ಕಾರಣ ಯೂನಿವರ್ಸಲ್ ಸ್ಟುಡಿಯೋ. ಹಲ್ಕ್‌ನನ್ನು ಸಿನಿಮಾದಲ್ಲಿ ಬಳಸುವ ಹಕ್ಕು ಮಾರ್ವೆಲ್‌ಗೆ ಎಂದೋ ವಾಪಸ್ ಬಂದಿದೆ. ಆದರೆ ಹಲ್ಕ್ ಒಬ್ಬನದೇ ಸಿನಿಮಾ ಮಾಡಿದರೆ ವಿತರಣೆಗೆ ಮೊದಲು ಯೂನಿವರ್ಸಲ್‌ಗೆ ಕೇಳಬೇಕು. ಡಿಸ್ನಿ ತಾನು ದುಡ್ಡು ಹಾಕಿದ ಸಿನಿಮಾವನ್ನು ಬೇರೆಯವರು ಹಂಚುವುದಕ್ಕೆ ಬಿಡುತ್ತದಾ? ಇಲ್ಲ. ಹಾಗಾಗಿ 'ಪ್ಲಾನೆಟ್ ಹಲ್ಕ್' ಅನ್ನುವ ಅದ್ಭುತ ಕಥೆಯನ್ನು ತುಂಡು ಮಾಡಿ 2017ರಲ್ಲಿ ಥಾರ್ ಸಿನಿಮಾದೊಳಗೆ ಸೇರಿಸಿದರು. ಆ ಕಥೆಯಲ್ಲಿ ಹಲ್ಕ್ ಗುಲಾಮನಾಗಿ ಹೋಗಿ ರಾಜನಾಗುತ್ತಾನೆ, ಮದುವೆಯಾಗುತ್ತಾನೆ, ಎಲ್ಲ ಕಳೆದುಕೊಳ್ಳುತ್ತಾನೆ. ಸಿನಿಮಾದಲ್ಲಿ ಉಳಿದಿದ್ದು ಅಖಾಡದ ಕುಸ್ತಿ ಮಾತ್ರ.

ಅರ್ಧ ವಾಪಸ್ ಬಂದ ಹಕ್ಕಿನ ಕಷ್ಟ ನಮಗೆ ಗೊತ್ತು. ಆದ್ದರಿಂದ ನಾನು ಜೇಡರಬಲೆಯವರ ಪಕ್ಷ.

ರೋಟೋಹುಡುಗಿ:
ನಾನು ಈ ಚರ್ಚೆಯನ್ನು ಇನ್ನೊಂದು ತುದಿಯಿಂದ ನೋಡುವವಳು. ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಐದು ವರ್ಷ ರೋಟೋ ಮಾಡಿದ್ದೇನೆ. ರೋಟೋ ಅಂದರೆ ನಟ ಅಥವಾ ನಟಿಯ ಅಂಚನ್ನು ಹಿನ್ನೆಲೆಯಿಂದ ಬಿಡಿಸುವ ಕೆಲಸ. ಒಂದು ಸೆಕೆಂಡಿಗೆ 24 ಫ್ರೇಮ್. ಮೂರು ಸೆಕೆಂಡಿನ ಶಾಟ್ ಅಂದರೆ 72 ಫ್ರೇಮ್. ಅದರಲ್ಲಿ ಹಾರುವ ಕೂದಲಿದ್ದರೆ ಒಂದೊಂದು ಎಳೆಗೂ ಗೆರೆ ಎಳೆಯಬೇಕು, ಮುಂದಿನ ಫ್ರೇಮ್‌ನಲ್ಲಿ ಅದನ್ನೇ ಕೂದಲೆಳೆಯಷ್ಟು ಸರಿಸಬೇಕು.

ವಕೀಲಮ್ಮನವರು ಗಡುವಿನ ಷರತ್ತು ಹೇಳಿದರಲ್ಲ, ಅದರ ಬಿಸಿ ಕೊನೆಗೆ ತಟ್ಟುವುದು ನಮಗೆ. ಒಂದು ಪ್ರಾಜೆಕ್ಟ್‌ನಲ್ಲಿ ಬಿಡುಗಡೆ ದಿನ ಮೊದಲೇ ನಿಗದಿ, ಕಥೆ ಮಾತ್ರ ಇನ್ನೂ ಬದಲಾಗುತ್ತಲೇ ಇತ್ತು. ನಾವು ಮುಗಿಸಿ ಕಳಿಸಿದ ಶಾಟ್ ಎರಡು ವಾರ ಬಿಟ್ಟು ಬೇರೆ ವೇಷದಲ್ಲಿ ವಾಪಸ್ ಬರುತ್ತಿತ್ತು. ಸಿನಿಮಾ ನೋಡಿದಾಗ ನಾನು ಒಂಬತ್ತು ದಿನ ಕೂತು ಮಾಡಿದ ಶಾಟ್ ಅದರಲ್ಲಿ ಇರಲೇ ಇಲ್ಲ.

ಹಕ್ಕು ಕೈತಪ್ಪಬಾರದು ಅಂತಲೇ ಸಿನಿಮಾ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾರ್ವೆಲ್‌ನ ನಾಲ್ವರು ಸೂಪರ್‌ಹೀರೋಗಳ ತಂಡ ಫೆಂಟಾಸ್ಟಿಕ್ ಫೋರ್‌ಗಿಂತ ದೊಡ್ಡ ಉದಾಹರಣೆ ಬೇಡ. ಜರ್ಮನಿಯ ಕಾನ್‌ಸ್ಟಾಂಟಿನ್ ಕಂಪನಿಯ ಬೆರ್ನ್ಡ್ ಐಶಿಂಗರ್ 1986ರಲ್ಲಿ ಆ ಹಕ್ಕು ಪಡೆದಿದ್ದರು. 1992ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯುತ್ತಿತ್ತು. ದೊಡ್ಡ ಸಿನಿಮಾಕ್ಕೆ ದುಡ್ಡಿರಲಿಲ್ಲ. ಕಡಿಮೆ ಖರ್ಚಿನ ಸಿನಿಮಾಕ್ಕೆ ಹೆಸರಾದ ರೋಜರ್ ಕಾರ್ಮನ್ ಜೊತೆ ಸೇರಿ, ಗಡುವು ಮುಗಿಯುವ ಮುಂಚೆ ಚಿತ್ರೀಕರಣ ಶುರು ಮಾಡಿಬಿಟ್ಟರು. ಬಜೆಟ್ ಸುಮಾರು ಹತ್ತು ಲಕ್ಷ ಡಾಲರ್.

ನಾಲ್ವರು ಮುಖ್ಯ ನಟರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರು ಮನಸ್ಸಿಟ್ಟು ನಟಿಸಿದರು. ಸಿನಿಮಾ ಮುಗಿದ ಮೇಲೆ ತಮ್ಮದೇ ದುಡ್ಡಿನಲ್ಲಿ ಊರೂರಿಗೆ ಹೋಗಿ ಪ್ರಚಾರ ಮಾಡಿದರು. 1994ರಲ್ಲಿ ಬಿಡುಗಡೆಯೂ ಗೊತ್ತಾಗಿತ್ತು. ಕೊನೆ ಗಳಿಗೆಯಲ್ಲಿ ಎಲ್ಲ ನಿಂತಿತು. ಮಾರ್ವೆಲ್‌ನ ಅವಿ ಅರಾದ್ ಅದನ್ನು ದುಡ್ಡು ಕೊಟ್ಟು ಕೊಂಡು ತೆರೆಗೆ ಬರದಂತೆ ಮಾಡಿದರು. ಇವತ್ತಿನವರೆಗೂ ಅದು ಅಧಿಕೃತವಾಗಿ ಬಿಡುಗಡೆಯಾಗಿಲ್ಲ, ಕದ್ದ ಪ್ರತಿಗಳಲ್ಲೇ ಬದುಕಿದೆ. ಅದನ್ನು ತೋರಿಸುವ ಉದ್ದೇಶವೇ ಇರಲಿಲ್ಲ ಅಂತ ಮಾರ್ವೆಲ್‌ನ ಕಥೆಗಾರ ಸ್ಟ್ಯಾನ್ ಲೀ ಹೇಳಿದ್ದರು. ಐಶಿಂಗರ್ ಅದನ್ನು ಒಪ್ಪಲಿಲ್ಲ. ಸತ್ಯ ಏನೇ ಇರಲಿ, ಆ ನಾಲ್ವರ ಕೆಲಸ ಡಬ್ಬಿಯೊಳಗೇ ಉಳಿಯಿತು.

ಹಕ್ಕು ಡಿಸ್ನಿಗೆ ವಾಪಸ್ ಬಂದ ಮೇಲೆ 2025ರ ಜುಲೈನಲ್ಲಿ ಹೊಸ ಫೆಂಟಾಸ್ಟಿಕ್ ಫೋರ್ ಸಿನಿಮಾ 'ಫಸ್ಟ್ ಸ್ಟೆಪ್ಸ್' ಬಂತಲ್ಲ, ಅದರಲ್ಲಿ ಆ ನಾಲ್ವರಿಗೂ ಚಿಕ್ಕ ಚಿಕ್ಕ ಪಾತ್ರ ಕೊಟ್ಟರು. ನಾನು ಥಿಯೇಟರ್‌ನಲ್ಲಿ ಅವರ ಮುಖ ಗುರುತು ಹಿಡಿದಾಗ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತಿದ್ದ ತಂಗಿಗೆ ಏನೂ ಅರ್ಥವಾಗಲಿಲ್ಲ. ಮೂವತ್ತೊಂದು ವರ್ಷ ಆಗಿತ್ತು.

ಜೇಡರಬಲೆ:
ರೋಟೋಹುಡುಗಿಯವರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ನಾಲ್ವರು ಹೊಸ ಸಿನಿಮಾದಲ್ಲಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಮತ್ತೆ ನೋಡುತ್ತೇನೆ.

ಆದರೆ ಇದು ನನ್ನ ವಾದಕ್ಕೇ ಬಲ ಕೊಡುತ್ತದೆ ಅಲ್ವಾ? ಗಡುವಿನ ಹೆದರಿಕೆ ಇರುವುದು ಗುತ್ತಿಗೆದಾರನಿಗೆ. ಮಾಲೀಕನಿಗೆ ಕಾಯುವ ತಾಳ್ಮೆ ಇರುತ್ತದೆ. ಐರನ್ ಮ್ಯಾನ್ ಹಕ್ಕು ನ್ಯೂ ಲೈನ್ ಅನ್ನುವ ಸಿನಿಮಾ ಕಂಪನಿಯ ಬಳಿ ವರ್ಷಗಟ್ಟಲೆ ಕೊಳೆಯಿತು. 2005ರಲ್ಲಿ ಮಾರ್ವೆಲ್‌ಗೆ ವಾಪಸ್ ಬಂತು. ಮೂರೇ ವರ್ಷದಲ್ಲಿ ರಾಬರ್ಟ್ ಡೌನಿ ಜೂನಿಯರ್ ಬಂದು ನಿಂತ. ಅದೇ 2005ರಲ್ಲಿ ಮಾರ್ವೆಲ್ ತನ್ನ ಹತ್ತು ಪಾತ್ರಗಳನ್ನು ಅಡವಿಟ್ಟು ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಶಾಂಗ್-ಚಿ ಎಲ್ಲರೂ ಅಡವು. ಸಿನಿಮಾ ಸೋತಿದ್ದರೆ ಮನೆಯ ಒಡವೆ ಹೋಗುತ್ತಿತ್ತು. ಮನೆಯ ಒಡವೆ ಅಡವಿಟ್ಟು ಮಾಡುವ ಕೆಲಸದಲ್ಲಿ ಇರುವ ನಿಗಾ ಬೇರೆ. ಸ್ಪೈಡಿಗೆ ಆ ನಿಗಾ ಸಿಗಲಿ ಅಂತ ನನ್ನ ಆಸೆ.

ತುಂಗಾತೀರ:
ಅಡವಿಟ್ಟ ಆ ಮಾರ್ವೆಲ್ ಈಗ ಎಲ್ಲಿದೆ ಸರ್? 2009ರಲ್ಲಿ ಡಿಸ್ನಿ ಅದನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಂಡಿತು. 2019ರ ಮಾರ್ಚ್‌ನಲ್ಲಿ ಫಾಕ್ಸ್‌ನ್ನು 7,130 ಕೋಟಿ ಡಾಲರ್‌ಗೆ ನುಂಗಿತು. ಫಾಕ್ಸ್ ಕೈಯಲ್ಲಿದ್ದ ಮಾರ್ವೆಲ್ ತಂಡ ಎಕ್ಸ್-ಮೆನ್ 'ಮನೆಗೆ ಬಂದರು' ಅಂತ ನಾವೆಲ್ಲ ಕುಣಿದೆವು. ನಿಜ ಹೇಳಿ, ಅವರು ಮನೆಗೆ ಬಂದರಾ, ಅಥವಾ ಮನೆಯನ್ನೇ ಕೊಂಡವನು ಪಕ್ಕದ ಮನೆಯನ್ನೂ ಕೊಂಡನಾ?

ಫಾಕ್ಸ್ 2000 ಅಂತ ಒಂದು ವಿಭಾಗ ಇತ್ತು. ಕಾದಂಬರಿಗಳನ್ನು ಸಿನಿಮಾ ಮಾಡುವುದರಲ್ಲಿ ಹೆಸರಾದದ್ದು. ಖರೀದಿ ಮುಗಿದ ಬೆನ್ನಲ್ಲೇ ಅದನ್ನು ಮುಚ್ಚುವ ತೀರ್ಮಾನವಾಯಿತು. 2017ರಲ್ಲಿ ಫಾಕ್ಸ್ 'ಲೋಗನ್' ಮಾಡಿತು. ಮುದುಕನಾದ ವುಲ್ವರಿನ್, ಮರೆವಿನ ಕಾಯಿಲೆಯ ಪ್ರೊಫೆಸರ್, ಒಂದು ಪುಟ್ಟ ಹುಡುಗಿ. ವುಲ್ವರಿನ್ ಆ ಪ್ರೊಫೆಸರ್‌ನನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸುವ ದೃಶ್ಯ ನೋಡಿದಾಗ ನನಗೆ ನಮ್ಮ ಅಜ್ಜನನ್ನು ನೋಡಿಕೊಂಡ ಅಪ್ಪನ ನೆನಪಾಯಿತು. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಬಂತು. ಎಲ್ಲ ಪಾತ್ರಗಳೂ ಒಂದೇ ಸೂರಿನ ಕೆಳಗಿದ್ದರೆ, ಎಲ್ಲವೂ ಮುಂದಿನ ಸಿನಿಮಾಕ್ಕೆ ಸೇತುವೆ ಆಗಬೇಕು ಅನ್ನುವ ಒತ್ತಡ ಇದ್ದರೆ, ಅಂಥ ಸಿನಿಮಾ ಹುಟ್ಟುತ್ತಿತ್ತಾ? 'ಇನ್‌ಟು ದಿ ಸ್ಪೈಡರ್‌ವರ್ಸ್' ಹುಟ್ಟಿದ್ದೂ ಸೋನಿಯವರು ಯಾರ ಕ್ಯಾಲೆಂಡರಿಗೂ ಕಾಯದೆ ಇದ್ದದ್ದರಿಂದ. ಬಣ್ಣದ ಚುಕ್ಕಿಗಳು, ಅಚ್ಚು ತಪ್ಪಿದ ಹಾಗೆ ಕಾಣುವ ಅಂಚುಗಳು, ಹಳೆಯ ಕಾಮಿಕ್ಸ್ ಪುಟವೇ ಎದ್ದು ನಡೆದ ಹಾಗಿತ್ತು. ಅನಿಮೇಷನ್ ಆಸ್ಕರ್ ಸುಮ್ನೆ ಬರಲಿಲ್ಲ.

ಹಸಿರುದೈತ್ಯ:
ಲೋಗನ್ ವಿಷಯ ಒಪ್ಪಿದೆ. ಆದರೆ ಮನೆಗಳು ಬೇರೆ ಬೇರೆ ಇದ್ದಾಗ ಆದ ಎಡವಟ್ಟನ್ನೂ ಹೇಳಿ. ಕ್ವಿಕ್‌ಸಿಲ್ವರ್ ಅನ್ನುವ ಒಬ್ಬನೇ ಪಾತ್ರ 2014ರಲ್ಲಿ ಫಾಕ್ಸ್‌ನ ಎಕ್ಸ್-ಮೆನ್ ಸಿನಿಮಾದಲ್ಲಿ ಒಂದು ಮುಖ, 2015ರಲ್ಲಿ ಅವೆಂಜರ್ಸ್‌ನಲ್ಲಿ ಇನ್ನೊಂದು ಮುಖ. ಒಂದು ಕಡೆ ಅವನು ಮ್ಯುಟೆಂಟ್, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವನು. ಇನ್ನೊಂದು ಕಡೆ ಆ ಪದವನ್ನೇ ಬಳಸುವ ಹಾಗಿಲ್ಲ, ಏನೋ ಪ್ರಯೋಗ ಮಾಡಿ ಶಕ್ತಿ ಬಂತು ಅಂತ ಹೇಳಬೇಕಾಯಿತು. ಕರಾರಿಗಾಗಿ ಪಾತ್ರದ ಹುಟ್ಟನ್ನೇ ಬದಲಾಯಿಸಿದರು.

ಕೊಡು-ಕೊಳ್ಳುವ ಮನಸ್ಸಿದ್ದಾಗ ಒಳ್ಳೆಯದೂ ಆಗಿದೆ. ಡೆಡ್‌ಪೂಲ್ ಸಿನಿಮಾಕ್ಕಾಗಿ ಒಂದು ಚಿಕ್ಕ ಪಾತ್ರದ ಶಕ್ತಿಗಳನ್ನು ಬದಲಾಯಿಸಲು ಮಾರ್ವೆಲ್ ಒಪ್ಪಿತು. ಬದಲಿಗೆ ಫಾಕ್ಸ್ 'ಈಗೋ' ಅನ್ನುವ ಜೀವಂತ ಗ್ರಹದ ಪಾತ್ರವನ್ನು ಬಿಟ್ಟುಕೊಟ್ಟಿತು. ಅದರಿಂದ ಮಾರ್ವೆಲ್‌ನ 'ಗಾರ್ಡಿಯನ್ಸ್' ಸಿನಿಮಾದ ಎರಡನೇ ಭಾಗದಲ್ಲಿ ನಾಯಕನಿಗೆ ಅಪ್ಪ ಸಿಕ್ಕ. ಯೂನಿವರ್ಸಲ್ ಜೊತೆಯೂ ಹಾಗೆ ಕೂತು ಮಾತಾಡಬಾರದಾ?

ಹಳೇಪುಟ:
ನಿಮ್ಮೆಲ್ಲರ ಮಾತನ್ನೂ ಪ್ರೀತಿಯಿಂದ ಓದಿದೆ. ನನಗೆ 58. ನಿಮ್ಮ ಮಾತಿನಲ್ಲಿ ಒಂದು ಪದ ಮಾತ್ರ ಮುಳ್ಳಿನ ಹಾಗೆ ಚುಚ್ಚಿತು. ಮಾಲೀಕ.

ತುಂಗಾತೀರದವರು ಉಳುವವನೇ ಹೊಲದೊಡೆಯ ಅಂದರು. ಹಾಗಾದರೆ ಉತ್ತವರು ಯಾರು? ಸೋನಿಯೂ ಅಲ್ಲ, ಮಾರ್ವೆಲ್ ಕಂಪನಿಯೂ ಅಲ್ಲ. 1962ರಲ್ಲಿ 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಜೊತೆ ಕೂತು ಆ ಹುಡುಗನಿಗೆ ರೂಪ ಕೊಟ್ಟವರು ಸ್ಟೀವ್ ಡಿಟ್ಕೊ. ಮುಖ ಪೂರ್ತಿ ಮುಚ್ಚುವ ಮುಖವಾಡ, ಎದೆಯ ಮೇಲಿನ ಜೇಡ, ಬಲೆಯ ಗೆರೆಗಳು ಅವರ ಕೈಯವು. ಮುಂದೆ 38 ಸಂಚಿಕೆ ಬರೆದು 1966ರಲ್ಲಿ ಬಿಟ್ಟುಹೋದರು.

ಆ 38ರಲ್ಲಿ 33ನೆಯದನ್ನು ನಾನು ಮರುಮುದ್ರಣದಲ್ಲಿ ಓದಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. ಪೀಟರ್ ಒಂದು ದೊಡ್ಡ ಯಂತ್ರದ ಅಡಿ ಸಿಕ್ಕಿಬಿದ್ದಿದ್ದಾನೆ. ಮೇಲಿಂದ ನೀರು ಸೋರುತ್ತಿದೆ. ಅತ್ತೆ ಮೇ ಉಳಿಯಬೇಕಾದರೆ ಬೇಕಾದ ಔಷಧಿ ಕೈಗೆಟುಕುವ ಹಾಗೆ ಎದುರಿಗೇ ಇದೆ, ಆದರೆ ಎಟುಕುವುದಿಲ್ಲ. ಡಿಟ್ಕೊ ಆ ಒಂದು ಎತ್ತುವ ಕೆಲಸವನ್ನು ಚೌಕದ ಮೇಲೆ ಚೌಕ ಎಳೆದಿದ್ದಾರೆ. ಮೊದಲು ಚಿಕ್ಕ ಚಿಕ್ಕ ಚೌಕ, ಅವನು ಮುದುಡಿಕೊಂಡು ಬಿದ್ದಿದ್ದಾನೆ. ಎತ್ತುತ್ತಾ ಹೋದ ಹಾಗೆ ಚೌಕ ದೊಡ್ಡದಾಗುತ್ತದೆ. ಕೊನೆಗೆ ಎತ್ತಿ ನಿಂತಾಗ ಇಡೀ ಪುಟ ಅವನದು. 2017ರ 'ಹೋಮ್‌ಕಮಿಂಗ್'ನಲ್ಲಿ ಟಾಮ್ ಹಾಲೆಂಡ್ ಕುಸಿದ ಕಟ್ಟಡದ ಅಡಿಯಿಂದ ಏಳುವ ದೃಶ್ಯ ಇದೆಯಲ್ಲ, ಅದು ಈ ಪುಟಗಳೇ.

ಡಿಟ್ಕೊ 2018ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. 90 ವರ್ಷ. 2021ರಲ್ಲಿ ಅವರ ಕುಟುಂಬದ ಕಡೆಯಿಂದ ಸ್ಪೈಡರ್‌ಮ್ಯಾನ್ ಮತ್ತು ಡಾಕ್ಟರ್ ಸ್ಟ್ರೇಂಜ್ ಹಕ್ಕಿಗಾಗಿ ನೋಟಿಸ್ ಹೋಯಿತು. ಮಾರ್ವೆಲ್ ಕೋರ್ಟಿಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ರಾಜಿಯಾಯಿತು.

ಜ್ಯಾಕ್ ಕರ್ಬಿ ಕಥೆ ಇನ್ನೂ ಉದ್ದ. ಹಲ್ಕ್, ಥಾರ್, ಫೆಂಟಾಸ್ಟಿಕ್ ಫೋರ್, ಎಕ್ಸ್-ಮೆನ್ ಎಲ್ಲರಿಗೂ ರೂಪ ಕೊಟ್ಟ ಕೈ ಅದು. ತಾವೇ ಬರೆದ ಮೂಲ ಚಿತ್ರದ ಪುಟಗಳನ್ನು ವಾಪಸ್ ಕೊಡಿ ಅಂತ ವರ್ಷಗಟ್ಟಲೆ ಕಂಪನಿಯ ಹಿಂದೆ ಬಿದ್ದರು. ಬರೆದದ್ದು ಸಾವಿರ ಸಾವಿರ ಪುಟ. 1987ರಲ್ಲಿ ಕೈಗೆ ಬಂದದ್ದು ಸುಮಾರು 2,000. ಪಾತ್ರದ ಹಕ್ಕಲ್ಲ ಸ್ವಾಮಿ, ಬರೀ ಕಾಗದ.

ವಕೀಲಮ್ಮ:
ಹಳೇಪುಟ ಸರ್ ಹೇಳಿದ್ದರ ಹಿಂದಿನ ಕಾನೂನು ಹೇಳಿಬಿಡುತ್ತೇನೆ, ಚರ್ಚೆಗೆ ಬೇಕಾದದ್ದು.

ಅಮೆರಿಕದಲ್ಲಿ 1978ಕ್ಕೆ ಮುಂಚಿನ ಕೃತಿಯ ಹಕ್ಕು ಬಿಟ್ಟುಕೊಟ್ಟವರು ಅಥವಾ ಅವರ ವಾರಸುದಾರರು 56 ವರ್ಷದ ನಂತರ ಅದನ್ನು ವಾಪಸ್ ಪಡೆಯಬಹುದು. ಆದರೆ ಸಂಬಳಕ್ಕೋ, ಕಂಪನಿ ಹೇಳಿ ಮಾಡಿಸಿದ್ದಕ್ಕೋ ಮಾಡಿದ ಕೆಲಸವಾದರೆ ಆ ದಾರಿ ಮುಚ್ಚಿದೆ. ಅಲ್ಲಿ ಕಂಪನಿಯೇ ಕರ್ತೃ. ಕರ್ಬಿ ಮಕ್ಕಳು 2009ರಲ್ಲಿ ನೋಟಿಸ್ ಕೊಟ್ಟರು. 2013ರಲ್ಲಿ ಮೇಲ್ಮನವಿ ಕೋರ್ಟು ಮಾರ್ವೆಲ್ ಪರ ನಿಂತಿತು. ಕರ್ಬಿ ಮನೆಯಲ್ಲಿ ಕೂತು, ಪುಟಕ್ಕಿಷ್ಟು ಅಂತ ದುಡ್ಡು ಪಡೆದು ಬರೆದವರು, ನೌಕರರಲ್ಲ. ಆದರೂ ಕೆಲಸ ಕಂಪನಿ ಹೇಳಿ, ಕಂಪನಿ ಖರ್ಚಿನಲ್ಲಿ ಆದದ್ದು ಅಂತ ತೀರ್ಪಾಯಿತು. ಸುಪ್ರೀಂ ಕೋರ್ಟ್ ಬಾಗಿಲಿಗೆ ಹೋಗುವಷ್ಟರಲ್ಲಿ, 2014ರ ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು.

ನಮ್ಮಲ್ಲಿ ಬರೆಯುವವರಿಗೆ ಇದರಿಂದ ಕಲಿಯುವುದಿದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ನೋಡಿ. ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಐದು ವರ್ಷ ಅಂತ ಅರ್ಥ. ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ ಹಕ್ಕು ತಾನಾಗಿಯೇ ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ಬರೆದಿರದಿದ್ದರೆ. ಆ ಕೊನೆಯ ಮಾತೇ ಮುಖ್ಯ. ಕಾದಂಬರಿ ಕೊಟ್ಟು ಸಿನಿಮಾ ಆಗದೆ ಕಾಯುತ್ತಾ ಕೂತ ಲೇಖಕರು ನನ್ನ ಬಳಿ ಬಂದಿದ್ದಾರೆ. ಕರಾರಿನ ಎಂಟನೇ ಪುಟದಲ್ಲಿ ಶಾಶ್ವತವಾಗಿ, ವಿಶ್ವದಾದ್ಯಂತ ಅಂತ ಇರುತ್ತದೆ. ಸಹಿ ಹಾಕುವ ಮುಂಚೆ ಓದಿರುವುದಿಲ್ಲ. ದಯವಿಟ್ಟು ಓದಿ.

ರೋಟೋಹುಡುಗಿ:
'ಫಸ್ಟ್ ಸ್ಟೆಪ್ಸ್' ನಡೆಯುವ ಲೋಕಕ್ಕೆ ಭೂಮಿ-828 ಅಂತ ಹೆಸರಿಟ್ಟಿದ್ದಾರೆ. ಆಗಸ್ಟ್ 28 ಕರ್ಬಿ ಹುಟ್ಟಿದ ದಿನ, 8-28. ಕೊನೆಯಲ್ಲಿ ಅವರ ಮಾತನ್ನೂ ತೋರಿಸುತ್ತಾರೆ. ನನ್ನ ಪಾತ್ರಗಳನ್ನು ನೋಡಿದರೆ ಅಲ್ಲಿ ನಾನು ಸಿಗುತ್ತೇನೆ ಅನ್ನುವ ಅರ್ಥದ್ದು. ಕಾಗದ ಕೊಡದ ಕಾಲದಿಂದ ಅಲ್ಲಿಯವರೆಗೆ ಬಂದಿದ್ದೇವೆ ಅನ್ನುವುದು ಸಣ್ಣದಲ್ಲ. ಸಾಕು ಅಂತಲೂ ಅಲ್ಲ.

ಜೇಡರಬಲೆ:
ಹಳೇಪುಟ ಸರ್, ನಾನು ಮಾಲೀಕ ಅಂತ ಬರೆಯುವಾಗ ಇಷ್ಟು ಯೋಚಿಸಿರಲಿಲ್ಲ. ಒಪ್ಪುತ್ತೇನೆ.

ಆದರೂ ಒಂದು ಮಾತು ಉಳಿದಿದೆ, ಹೇಳಲೇಬೇಕು. 2011ರಲ್ಲೇ ಸ್ಪೈಡರ್‌ಮ್ಯಾನ್ ಆಟಿಕೆ, ಬಟ್ಟೆ, ಚೀಲದ ವ್ಯಾಪಾರವೆಲ್ಲ ಪೂರ್ತಿ ಮಾರ್ವೆಲ್ ಕಡೆಗೆ ಹೋಯಿತು. ನನ್ನ ಮಗನ ಸ್ಕೂಲ್ ಬ್ಯಾಗ್ ಮೇಲೆ ಅವನಿದ್ದಾನೆ. ಟಿಫಿನ್ ಡಬ್ಬಿ ಮೇಲೆ ಅವನಿದ್ದಾನೆ. ಅದರ ಹಕ್ಕು ಡಿಸ್ನಿಗೆ, ಸಿನಿಮಾ ಹಕ್ಕು ಸೋನಿಗೆ, ಅವನನ್ನು ಬರೆದ ಕೈಗೆ ರಾಜಿ ಪತ್ರ. ಒಬ್ಬ ಹುಡುಗನನ್ನು ಇಷ್ಟು ಪಾಲು ಮಾಡಿ ಹಂಚಿಕೊಂಡಿದ್ದಾರಲ್ಲ ಅನ್ನುವ ಸಂಕಟ ನನ್ನದು. ಕಥೆ ಒಂದು ಕಡೆ ಕೂತು, ನೆಮ್ಮದಿಯಿಂದ ಮುಂದುವರಿಯಲಿ ಅಂತ ಆಸೆಪಟ್ಟೆ. 2019ರಲ್ಲಿ ಟಾಮ್ ಹಾಲೆಂಡ್ ತಾನೇ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್‌ಗೆ ಫೋನ್ ಮಾಡಿ ಅಭಿಮಾನಿಗಳ ಪರವಾಗಿ ಕೇಳಿಕೊಂಡ. ಐಗರ್ ಅದನ್ನು ಟಿವಿಯಲ್ಲಿ ಹೇಳಿದ್ದಾರೆ. ನಟನೇ ಹೋಗಿ ಬೇಡಿಕೊಳ್ಳುವ ಸ್ಥಿತಿ ಮತ್ತೆ ಬರಬಾರದು.

ತುಂಗಾತೀರ:
ಆ ಸಂಕಟ ನನಗೂ ಇದೆ ಸರ್. ನಮ್ಮಿಬ್ಬರದ್ದು ದಾರಿ ಬೇರೆ ಅಷ್ಟೇ. ಈಗಿನ ವ್ಯವಸ್ಥೆಯೇ ವಾಸಿ ಅಂತ ನನಗೆ ಇನ್ನೂ ಅನ್ನಿಸುತ್ತದೆ. ದುಡ್ಡಿನ ಭಾರ ಹೆಚ್ಚು ಹೊರುವುದು ಸೋನಿ, ಕಥೆ ನೋಡಿಕೊಳ್ಳುವುದು ಮಾರ್ವೆಲ್‌ನವರು, ಅನಿಮೇಷನ್ ಸಿನಿಮಾ ಬೇರೆಯೇ ದಾರಿಯಲ್ಲಿ. ಹಳೆಯ ಇಬ್ಬರು ಸ್ಪೈಡರ್‌ಮ್ಯಾನ್‌ಗಳನ್ನೂ ಈಗಿನವನನ್ನೂ ಒಟ್ಟಿಗೆ ನಿಲ್ಲಿಸಿದ 'ನೋ ವೇ ಹೋಮ್' ಸಾಧ್ಯವಾಗಿದ್ದು ಇಬ್ಬರೂ ಕೈ ಜೋಡಿಸಿದ್ದರಿಂದಲೇ.

ಉತ್ತವರು ಯಾರು ಅಂತ ಹಳೇಪುಟ ಸರ್ ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇಲ್ಲ. ಕಾಗೋಡಿನವನಾಗಿ ನಾನೇ ಮೊದಲು ಕೇಳಬೇಕಿದ್ದ ಪ್ರಶ್ನೆ ಅದು.

ಹಸಿರುದೈತ್ಯ:
ವಕೀಲಮ್ಮನವರೇ, ಕೊನೆಯದಾಗಿ ಒಂದು ಕೇಳುತ್ತೇನೆ. ಈ ಗುತ್ತಿಗೆ, ಗಡುವು ಎಲ್ಲ ಬಿಡಿ. ಯಾರ ಹಕ್ಕೂ ಇಲ್ಲದ ದಿನ ಅಂತ ಒಂದು ಬರುತ್ತದಾ?

ವಕೀಲಮ್ಮ:
ಬರುತ್ತದೆ. ಅಮೆರಿಕದಲ್ಲಿ ಇಂಥ ಹಳೆಯ ಕೃತಿಗಳಿಗೆ ಪ್ರಕಟವಾದಾಗಿನಿಂದ 95 ವರ್ಷ ರಕ್ಷಣೆ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಬರೀ 130 ಡಾಲರ್‌ಗೆ ಕೊಟ್ಟುಬಿಟ್ಟ ಸೂಪರ್‌ಮ್ಯಾನ್‌ನ ಮೊದಲ ಕಥೆ 2034ರ ಜನವರಿ 1ಕ್ಕೆ ಎಲ್ಲರದಾಗುತ್ತದೆ. ಆ ಮೊದಲ ಕಥೆಯಲ್ಲಿ ಇರುವಷ್ಟು ಮಾತ್ರ, ಆಮೇಲೆ ಸೇರಿಸಿದ್ದು ಅಲ್ಲ. ಹೆಸರು, ಲಾಂಛನದ ಟ್ರೇಡ್‌ಮಾರ್ಕ್ ಬೇರೆ ಲೆಕ್ಕ.

ಸ್ಪೈಡರ್‌ಮ್ಯಾನ್ 1962. ಅವನ ಸರದಿ 2058ರ ಜನವರಿ 1. ಹಲ್ಕ್ ಕೂಡ ಅದೇ ವರ್ಷ ಹುಟ್ಟಿದವನು, ಅದೇ ದಿನ.

ಹಸಿರುದೈತ್ಯ:
ಇಬ್ಬರೂ ಒಂದೇ ದಿನ! ನನ್ನ ಮಗಳಿಗೆ ಆಗ 36 ಆಗಿರುತ್ತದೆ. ಪ್ಲಾನೆಟ್ ಹಲ್ಕ್ 2006ರ ಕಥೆ, ಅದು ಆ ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ?

ವಕೀಲಮ್ಮ:
ಬರುವುದಿಲ್ಲ. ಅದಕ್ಕೆ ಯೂನಿವರ್ಸಲ್ ಜೊತೆಗೇ ಮಾತಾಡಬೇಕು.